ಈಜುಕೊಳದ ಉಪ್ಪಿನಂಶ ಮಾಪನ

ಈಜುಕೊಳದ ಉಪ್ಪಿನಂಶ ಮಾಪನವೆಂದರೆ, ತನಗೆ ಬೇಕಾದ ಕ್ಲೋರೀನನ್ನು ವಿದ್ಯುದ್ವಿಭಜನೆಯ ಮೂಲಕ ತನ್ನ ನೀರಿನಿಂದಲೇ ಪಡೆಯುವ ಈಜುಕೊಳದಲ್ಲಿ ಕರಗಿರುವ ಸೋಡಿಯಂ ಕ್ಲೋರೈಡಿನ, ಅಂದರೆ ಸಾಮಾನ್ಯ ಉಪ್ಪಿನ, ಪ್ರಮಾಣವನ್ನು ಗೊತ್ತುಪಡಿಸುವ ಕ್ರಮ. ಬಳಕೆಯಲ್ಲಿರುವ ಮುಖ್ಯ ಮಾರ್ಗಗಳು ಎರಡು. ನೀರಿನಲ್ಲಿರುವ ಕ್ಲೋರೈಡನ್ನು ಬೆಳ್ಳಿಯ ಲವಣದಿಂದ ಹಿಡಿದು ಎಣಿಸುವುದು ರಾಸಾಯನಿಕ ಮಾರ್ಗ. ನೀರು ಎಷ್ಟು ಸುಲಭವಾಗಿ ವಿದ್ಯುತ್ತನ್ನು ಸಾಗಿಸುತ್ತದೆಂದು ನೋಡಿ ಉಪ್ಪನ್ನು ಲೆಕ್ಕಹಾಕುವುದು ಭೌತ ಮಾರ್ಗ. ಇವೆರಡೂ ಉಪ್ಪನ್ನು ಪರೋಕ್ಷವಾಗಿಯೇ ಅಳೆಯುತ್ತವೆ. ಮೊದಲನೆಯದು ಉಪ್ಪಿನ ಒಂದು ಭಾಗವಾದ ಕ್ಲೋರೈಡನ್ನು ಮಾತ್ರ ಕಾಣುತ್ತದೆ. ಎರಡನೆಯದು ನೀರಿನ ಎಲ್ಲ ಅಯಾನುಗಳನ್ನೂ ಒಟ್ಟಾಗಿ ಕಾಣುತ್ತದೆ. ಒಂದೇ ಕೊಳದ ನೀರಿಗೆ ಎರಡು ಉಪಕರಣಗಳು ಎರಡು ಸಂಖ್ಯೆ ತೋರಿಸಲು ಬಹುಪಾಲು ಇದೇ ಕಾರಣ.

ವ್ಯಾಪ್ತಿ ಮತ್ತು ಪರಿಭಾಷೆ

ಇಲ್ಲಿ ಉಪ್ಪುನೀರಿನ ಕೊಳ ಎಂದರೆ ಸಿಹಿನೀರು ತುಂಬಿ, ಅದಕ್ಕೆ ಅಳತೆಯ ಉಪ್ಪು ಸೇರಿಸಿ, ಉಪ್ಪು ಕ್ಲೋರಿನೇಟರ್ ಎಂಬ ಯಂತ್ರದ ಮೂಲಕ ಹರಿಸುವ ಕೊಳ. ಆಸ್ಟ್ರೇಲಿಯದ ಸಿಡ್ನಿ ತೀರದಲ್ಲಿರುವಂತೆ ಸಮುದ್ರದ ನೀರನ್ನೇ ತುಂಬಿಕೊಳ್ಳುವ ಕೊಳಗಳು ಬೇರೆ ಜಾತಿಯವು. ಅವು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಉಪ್ಪಿನ ಪ್ರಮಾಣವನ್ನು ಪಿಪಿಎಂ ಎಂಬ ಮಾನದಲ್ಲಿ ಹೇಳುವುದು ರೂಢಿ. ದಶಲಕ್ಷ ಭಾಗ ನೀರಿನಲ್ಲಿ ಒಂದು ಭಾಗ ಉಪ್ಪು ಎಂದು ಇದರ ಅರ್ಥ. ಕೊಳದ ನೀರಿನಷ್ಟು ತೆಳುವಾದ ದ್ರಾವಣದಲ್ಲಿ 1 ಪಿಪಿಎಂ ಎಂದರೆ ಲೀಟರಿಗೆ 1 ಮಿಲಿಗ್ರಾಂ ಎಂದುಕೊಂಡರೆ ತಪ್ಪಾಗದು. ಹಾಗಾಗಿ 3,000 ಪಿಪಿಎಂ ಎಂದರೆ ಲೀಟರಿಗೆ 3 ಗ್ರಾಂ, ಸಾವಿರ ಲೀಟರಿಗೆ 3 ಕಿಲೋಗ್ರಾಂ, ಶೇಕಡ ಲೆಕ್ಕದಲ್ಲಿ 0.3. ಸಮುದ್ರದ ನೀರಿನಲ್ಲಿ ಸುಮಾರು 35,000 ಪಿಪಿಎಂ ಲವಣಗಳಿರುತ್ತವೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹನಿಸುವ ಸಲೈನಿನಲ್ಲಿ ಉಪ್ಪು 9,000 ಪಿಪಿಎಂ. ಕೊಳದ ನೀರು ಆ ಸಲೈನಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಉಪ್ಪಾಗಿರುತ್ತದೆ.

ಕ್ಲೋರೈಡ್ ಮತ್ತು ಉಪ್ಪು ಒಂದೇ ಅಲ್ಲ. ಸೋಡಿಯಂ ಕ್ಲೋರೈಡಿನ ತೂಕದಲ್ಲಿ ಕ್ಲೋರೈಡಿನ ಪಾಲು ಶೇ. 61ಕ್ಕಿಂತ ಕೊಂಚ ಕಡಿಮೆ. ಆದ್ದರಿಂದ ಕ್ಲೋರೈಡಿನ ಪಿಪಿಎಂ ಅನ್ನು 1.65ರಿಂದ ಗುಣಿಸಿದರೆ ಉಪ್ಪಿನ ಪಿಪಿಎಂ ಸಿಗುತ್ತದೆ. ಪ್ರಯೋಗಾಲಯದ ವರದಿಗಳು ಸಾಮಾನ್ಯವಾಗಿ ಕ್ಲೋರೈಡನ್ನು ನಮೂದಿಸುತ್ತವೆ, ಕೊಳದ ಕಿಟ್‌ಗಳು ಉಪ್ಪನ್ನು. ಇವೆರಡನ್ನು ಬೆರೆಸಿಕೊಂಡರೆ 3,200 ಇರುವ ಕೊಳ 1,940 ಎಂದು ಕಾಣುತ್ತದೆ.

ಇನ್ನೆರಡು ಪದಗಳನ್ನೂ ಬೇರೆಬೇರೆಯಾಗಿ ಹಿಡಿಯಬೇಕು. ಅಳತೆ ನಿಜವಾದ ಬೆಲೆಗೆ ಎಷ್ಟು ಹತ್ತಿರ ಎಂಬುದು ನಿಖರತೆ. ಅದೇ ನೀರನ್ನು ಮತ್ತೆ ಮತ್ತೆ ಅಳೆದಾಗ ಉತ್ತರಗಳು ಪರಸ್ಪರ ಎಷ್ಟು ಹತ್ತಿರ ಎಂಬುದು ನಿಷ್ಕೃಷ್ಟತೆ. ಪರದೆಯ ಮೇಲೆ 3,217 ಎಂದು ನಾಲ್ಕು ಅಂಕಿ ಮೂಡಿಸುವ ಉಪಕರಣ ನಿಷ್ಕೃಷ್ಟವಾಗಿದ್ದೂ 400 ಪಿಪಿಎಂ ತಪ್ಪಿರಬಹುದು.

ಹಿನ್ನೆಲೆ

ಈ ಮಾಪನದ ಬೇರುಗಳು ಈಜುಕೊಳಗಳಿಗಿಂತ ಬಹಳ ಹಳೆಯವು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ 1774ರಲ್ಲಿ ಕ್ಲೋರೀನ್ ಅನಿಲವನ್ನು ಬೇರ್ಪಡಿಸಿದ. ಅದು ಮೂಲವಸ್ತುವೆಂದು ಹಂಫ್ರಿ ಡೇವಿ 1810ರಲ್ಲಿ ಸಾರಿದ. ವಿದ್ಯುತ್ತಿನ ಪ್ರಮಾಣಕ್ಕೂ ಅದು ಬಿಡುಗಡೆ ಮಾಡುವ ವಸ್ತುವಿನ ತೂಕಕ್ಕೂ ಇರುವ ಸಂಬಂಧವನ್ನು 1830ರ ದಶಕದಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಗೇ-ಲುಸಾಕ್ ನಾಣ್ಯದ ಬೆಳ್ಳಿಯ ಶುದ್ಧತೆ ಪರೀಕ್ಷಿಸಲು ಉಪ್ಪಿನ ದ್ರಾವಣ ಬಳಸಿದ. ಇಂದು ಕೊಳದ ದಂಡೆಯಲ್ಲಿ ನಡೆಯುವ ಪರೀಕ್ಷೆ ಅದರ ತಿರುವುಮುರುವು: ಅಲ್ಲಿ ಉಪ್ಪಿನಿಂದ ಬೆಳ್ಳಿಯನ್ನು ಅಳೆದರೆ ಇಲ್ಲಿ ಬೆಳ್ಳಿಯಿಂದ ಉಪ್ಪನ್ನು ಅಳೆಯುತ್ತಾರೆ. ಹೀಗೆ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಕ್ರಮವೇ ಅನುಮಾಪನ. ಅದು ಮುಗಿದ ಕ್ಷಣವನ್ನು ಕಣ್ಣಿಗೆ ಬಣ್ಣವಾಗಿ ತೋರಿಸುವ ಉಪಾಯವನ್ನು, ಅಂದರೆ ಪೊಟ್ಯಾಸಿಯಂ ಕ್ರೋಮೇಟನ್ನು ಸೂಚಕವಾಗಿ ಬಳಸುವುದನ್ನು, ಜರ್ಮನಿಯ ಕಾರ್ಲ್ ಫ್ರೀಡ್ರಿಶ್ ಮೋರ್ 1856ರಲ್ಲಿ ಪ್ರಕಟಿಸಿದ. ವಾಹಕತಾ ಮಾಪನಕ್ಕೆ ಭದ್ರ ನೆಲೆ ಕೊಟ್ಟವನು ಫ್ರೀಡ್ರಿಶ್ ಕೋಲ್‌ರೌಶ್. ಪರ್ಯಾಯ ವಿದ್ಯುತ್ತನ್ನು ಹರಿಸಿದರೆ ವಿದ್ಯುದಗ್ರಗಳ ಮೇಲೆ ಅನಿಲ ಮತ್ತು ಆವೇಶ ಶೇಖರವಾಗಿ ಅಳತೆ ಕೆಡುವುದಿಲ್ಲ ಎಂಬುದನ್ನು ಅವನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ತಂದ.

ಸಾಗರವಿಜ್ಞಾನವೂ ಇದೇ ದಾರಿಯಲ್ಲಿ ನಡೆದಿದೆ. 20ನೆಯ ಶತಮಾನದ ಆರಂಭದಲ್ಲಿ ಮಾರ್ಟಿನ್ ಕ್ನುಡ್ಸನ್ ಸಮುದ್ರದ ಲವಣತೆಯನ್ನು ಕ್ಲೋರೈಡಿನ ಅನುಮಾಪನದಿಂದ ಲೆಕ್ಕಹಾಕುವ ಸೂತ್ರ ಕೊಟ್ಟ. 1978ರ ಪ್ರಾಯೋಗಿಕ ಲವಣತಾ ಮಾನ ಅದನ್ನು ವಾಹಕತೆಯ ಮೇಲೆ ಹೊಸದಾಗಿ ಕಟ್ಟಿತು. ಈ ಮಾನ ಸಮುದ್ರದ ಲವಣಮಿಶ್ರಣಕ್ಕೆ ಹೊಂದಿಸಿದ್ದು; ಹೆಚ್ಚುಕಡಿಮೆ ಶುದ್ಧ ಸೋಡಿಯಂ ಕ್ಲೋರೈಡ್ ಇರುವ ಕೊಳಕ್ಕೆ ಅದನ್ನು ಹಾಗೆಯೇ ಒಯ್ಯಲಾಗದು.

1960ರ ದಶಕದಲ್ಲಿ ಹೆನ್ರಿ ಬೇರ್ ರೂಪಿಸಿದ ಲೇಪಿತ ಟೈಟೇನಿಯಂ ವಿದ್ಯುದಗ್ರವಿಲ್ಲದೆ ಉಪ್ಪು ಕ್ಲೋರಿನೇಟರ್ ಮನೆಯ ಕೊಳಕ್ಕೆ ಬರುತ್ತಿರಲಿಲ್ಲ. ರುಥೇನಿಯಂ ಮುಂತಾದ ಲೋಹಗಳ ಆಕ್ಸೈಡನ್ನು ಟೈಟೇನಿಯಂ ಮೇಲೆ ಲೇಪಿಸಿದಾಗ ಆ ಫಲಕ ಕ್ಲೋರೀನಿನ ನಡುವೆಯೂ ಕರಗದೆ ನಿಲ್ಲುತ್ತದೆ. 1970ರ ದಶಕದಿಂದ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ಈ ಕೊಳಗಳು ನೆಲೆಯೂರಿದವು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವ್ಯಾಪಕವಾದದ್ದು ಆಮೇಲೆ.

ಕೊಳದಲ್ಲಿ ಉಪ್ಪಿನ ಪಾತ್ರ

ಕ್ಲೋರಿನೇಟರಿನ ಕೋಶದಲ್ಲಿ ಫಲಕಗಳ ನಡುವೆ ನೀರು ಹರಿಯುವಾಗ ಧನಾಗ್ರದಲ್ಲಿ ಕ್ಲೋರೈಡ್ ಎಲೆಕ್ಟ್ರಾನ್ ಕಳೆದುಕೊಂಡು ಕ್ಲೋರೀನಾಗುತ್ತದೆ. ಋಣಾಗ್ರದಲ್ಲಿ ನೀರು ಒಡೆದು ಹೈಡ್ರೊಜನ್ ಗುಳ್ಳೆಗಳೂ ಹೈಡ್ರಾಕ್ಸೈಡೂ ಹುಟ್ಟುತ್ತವೆ. ಕ್ಲೋರೀನ್ ತಕ್ಷಣ ನೀರಿನಲ್ಲಿ ಕರಗಿ ಹೈಪೊಕ್ಲೋರಸ್ ಆಮ್ಲವಾಗಿ ರೋಗಾಣುಗಳನ್ನು ಕೊಲ್ಲುತ್ತದೆ. ಕೆಲಸ ಮುಗಿದ ಮೇಲೆ, ಅಥವಾ ಬಿಸಿಲಿಗೆ ಸಿಕ್ಕು ಒಡೆದ ಮೇಲೆ, ಅದು ಮತ್ತೆ ಕ್ಲೋರೈಡ್ ಆಗಿ ನೀರಿಗೇ ಮರಳುತ್ತದೆ. ಉಪ್ಪು ಖರ್ಚಾಗುವುದಿಲ್ಲ, ಸುತ್ತುತ್ತಿರುತ್ತದೆ. ಅದು ಕಡಿಮೆಯಾಗುವುದು ನೀರು ಹೊರಗೆ ಹೋದಾಗ ಮಾತ್ರ: ಸೋರಿಕೆ, ಶೋಧಕವನ್ನು ಹಿಮ್ಮುಖವಾಗಿ ತೊಳೆಯುವುದು, ಈಜುವವರು ಚಿಮ್ಮಿಸುವುದು, ಮಳೆಗೆ ಕೊಳ ತುಂಬಿ ಉಕ್ಕುವುದು.

ಪ್ರತಿ ಯಂತ್ರಕ್ಕೂ ತಯಾರಕರು ನಿಗದಿಪಡಿಸಿದ ಒಂದು ವ್ಯಾಪ್ತಿ ಇರುತ್ತದೆ. ಬಹಳಷ್ಟು ಯಂತ್ರಗಳಿಗೆ ಅದು 2,700ರಿಂದ 3,400 ಪಿಪಿಎಂ, ಅವುಗಳ ಆದರ್ಶ 3,200ರ ಸುಮಾರು. ಆಸ್ಟ್ರೇಲಿಯದ ಕೆಲವು ವಿನ್ಯಾಸಗಳು 4,000ರಿಂದ 6,000 ಕೇಳುತ್ತವೆ. ಕಡಿಮೆ ಉಪ್ಪಿನ ಹೊಸ ಮಾದರಿಗಳು 1,000ದಿಂದ 2,000ಕ್ಕೇ ತೃಪ್ತಿಪಡುತ್ತವೆ. ಉಪ್ಪು ತೀರ ಕಡಿಮೆಯಾದರೆ ನೀರಿನ ರೋಧ ಹೆಚ್ಚಿ ಕ್ಲೋರೀನ್ ಉತ್ಪಾದನೆ ಕುಗ್ಗುತ್ತದೆ, ಫಲಕದ ಲೇಪನ ಬೇಗ ಸವೆಯುತ್ತದೆ. ತೀರ ಹೆಚ್ಚಾದರೆ ವಿದ್ಯುತ್ ಪ್ರವಾಹ ಮಿತಿ ಮೀರಿ ಯಂತ್ರ ತಾನೇ ನಿಲ್ಲಬಹುದು. ಏಣಿ, ಹಿಡಿಕೆ, ಹೀಟರಿನ ಲೋಹ ಮತ್ತು ದಂಡೆಯ ಮೃದುವಾದ ಕಲ್ಲು ಕೊರೆತಕ್ಕೆ ಸಿಗುತ್ತವೆ. ವ್ಯಾಪ್ತಿಯ ಅಗಲ ಹಲವು ಯಂತ್ರಗಳಲ್ಲಿ 700 ಪಿಪಿಎಂ ಮಾತ್ರ ಎಂಬುದನ್ನು ನೆನಪಿಟ್ಟರೆ ಮಾಪನದಲ್ಲಿ ಎಷ್ಟು ತಪ್ಪನ್ನು ಸಹಿಸಬಹುದೆಂಬುದು ತಾನಾಗಿ ತಿಳಿಯುತ್ತದೆ.

ಕ್ಲೋರೈಡ್ ಅನುಮಾಪನ

ಹನಿ ಎಣಿಸುವ ಈ ಪರೀಕ್ಷೆಯೇ ಕೊಳದ ದಂಡೆಯಲ್ಲಿ ಮಾಡಬಹುದಾದವುಗಳಲ್ಲಿ ಅತ್ಯಂತ ನಂಬಲರ್ಹವಾದದ್ದು. ಸಾಮಾನ್ಯ ಕಿಟ್ಟಿನಲ್ಲಿ 10 ಮಿಲಿಲೀಟರ್ ನೀರಿಗೆ ಒಂದು ಹನಿ ಕ್ರೋಮೇಟ್ ಹಾಕಿದಾಗ ನೀರು ಹಳದಿಯಾಗುತ್ತದೆ. ಬಳಿಕ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುತ್ತ, ಪ್ರತಿ ಹನಿಗೂ ಕೊಳವೆಯನ್ನು ಆಡಿಸಬೇಕು. ಬೆಳ್ಳಿಯು ಮೊದಲು ಕ್ಲೋರೈಡನ್ನು ಕೂಡಿ ಬಿಳಿಯ ಸಿಲ್ವರ್ ಕ್ಲೋರೈಡಾಗಿ ಒತ್ತರಿಸುತ್ತದೆ, ನೀರು ಹಾಲಿನಂತೆ ಮಸುಕಾಗುತ್ತದೆ. ಹನಿ ಬಿದ್ದ ಜಾಗದಲ್ಲಿ ಕೆಂಪು ಮಿಂಚಿ ಮಾಯವಾಗುತ್ತಿರುತ್ತದೆ. ಕ್ಲೋರೈಡ್ ಪೂರ್ತಿ ತೀರಿದ ಮೇಲೆ ಬರುವ ಹನಿಯ ಬೆಳ್ಳಿಗೆ ಕ್ರೋಮೇಟ್ ಬಿಟ್ಟು ಬೇರೆ ಜೊತೆಗಾರನಿಲ್ಲ. ಆಗ ಇಟ್ಟಿಗೆಗೆಂಪಿನ ಸಿಲ್ವರ್ ಕ್ರೋಮೇಟ್ ಮೂಡಿ, ಆಡಿಸಿದರೂ ಹೋಗದೆ ನಿಲ್ಲುತ್ತದೆ. ಅಲ್ಲಿಯವರೆಗಿನ ಹನಿಗಳನ್ನು 200ರಿಂದ ಗುಣಿಸಿದರೆ ಉಪ್ಪಿನ ಪಿಪಿಎಂ. 16 ಹನಿ ಎಂದರೆ 3,200.

ಸಿಲ್ವರ್ ಕ್ರೋಮೇಟಿಗಿಂತ ಸಿಲ್ವರ್ ಕ್ಲೋರೈಡು ನೀರಿನಲ್ಲಿ ಕಡಿಮೆ ಕರಗುತ್ತದೆ ಎಂಬುದರ ಮೇಲೆಯೇ ಈ ಇಡೀ ವಿಧಾನ ನಿಂತಿದೆ. ಅದಕ್ಕೆ ನೀರಿನ ಪಿಎಚ್ ಸ್ಥೂಲವಾಗಿ 6.5ರಿಂದ 9ರೊಳಗಿರಬೇಕು. ಆಮ್ಲೀಯ ನೀರಿನಲ್ಲಿ ಕ್ರೋಮೇಟ್ ಡೈಕ್ರೋಮೇಟಾಗಿ ಬದಲಾಗಿ ಬಣ್ಣ ತಡವಾಗುತ್ತದೆ. ತೀರ ಕ್ಷಾರೀಯವಾದರೆ ಬೆಳ್ಳಿ ಆಕ್ಸೈಡಾಗಿ ಒತ್ತರಿಸುತ್ತದೆ. ಸರಿಯಾಗಿ ನೋಡಿಕೊಂಡ ಕೊಳದ ಪಿಎಚ್ 7.2ರಿಂದ 7.8, ಹಾಗಾಗಿ ಇಲ್ಲಿ ಪಿಎಚ್ ತೊಡಕಾಗುವುದು ಅಪರೂಪ.

ಒಂದು ಹನಿಯೇ ಇಲ್ಲಿಯ ಅಳತೆಯ ಕಿರಿಯ ಹೆಜ್ಜೆ, ಅಂದರೆ 200 ಪಿಪಿಎಂ. 3,200ರಲ್ಲಿ ಇದು ಶೇ. 6ರಷ್ಟು. ಮಾದರಿಯನ್ನು 25 ಮಿಲಿಲೀಟರಿಗೆ ಹೆಚ್ಚಿಸಿದರೆ ಪ್ರತಿ ಹನಿಯ ಬೆಲೆ 80 ಪಿಪಿಎಂಗೆ ಇಳಿಯುತ್ತದೆ. ದ್ರಾವಣ ಎರಡೂವರೆ ಪಟ್ಟು ಖರ್ಚಾಗುತ್ತದೆ, ಆದರೆ ಸಂದೇಹ ಬಂದಾಗ ಆ ಖರ್ಚು ಸಾರ್ಥಕ. ಶೀಸೆಯನ್ನು ನೇರವಾಗಿ ತಲೆಕೆಳಗು ಹಿಡಿಯಬೇಕು. ಓರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ನೀರು ಪೂರಾ ಕೆಂಪಾಗುವವರೆಗೆ ಕಾಯುವುದು ಸಾಮಾನ್ಯ ತಪ್ಪು. ಹಳದಿ ಮೊದಲ ಬಾರಿಗೆ ಶಾಶ್ವತವಾಗಿ ನಸುಗೆಂಪಿಗೆ ತಿರುಗಿದ ಹನಿಯೇ ಕೊನೆಯ ಹನಿ. ಬ್ರೋಮೈಡ್ ಸಹ ಬೆಳ್ಳಿಯೊಂದಿಗೆ ಒತ್ತರಿಸುವುದರಿಂದ ಬ್ರೋಮಿನ್ ಬಳಸಿದ ಕೊಳದಲ್ಲಿ ಉತ್ತರ ಏರುತ್ತದೆ. ಸಿಲ್ವರ್ ನೈಟ್ರೇಟ್ ಬೆಳಕಿಗೆ ಕೆಡುತ್ತದೆ, ಚರ್ಮಕ್ಕೆ ಕಪ್ಪು ಕಲೆ ಹಿಡಿಸುತ್ತದೆ, ಕ್ರೋಮೇಟ್ ವಿಷ. ಪರೀಕ್ಷೆ ಮುಗಿದ ನೀರನ್ನು ಕೊಳಕ್ಕೆ ಮರಳಿ ಸುರಿಯಬಾರದು.

ಪರೀಕ್ಷಾ ಪಟ್ಟಿ

ಇದು ಅನುಮಾಪನದ ಒಣ ರೂಪ. ಪ್ಲಾಸ್ಟಿಕ್ ಪಟ್ಟಿಯೊಳಗೆ ಕಂದುಬಣ್ಣದ ಬೆಳ್ಳಿಯ ಲವಣವನ್ನು ಹೀರಿದ ಸೀಳೊಂದಿರುತ್ತದೆ. ತುದಿಯನ್ನು ಸ್ವಲ್ಪ ನೀರಿನಲ್ಲಿ ನಿಲ್ಲಿಸಿದಾಗ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತ, ದಾರಿಯಲ್ಲಿ ಬಿಳಿಯ ಸಿಲ್ವರ್ ಕ್ಲೋರೈಡಿನ ಶಿಖರವನ್ನು ಬಿಟ್ಟುಹೋಗುತ್ತದೆ. ಮೇಲ್ತುದಿಯ ಹಳದಿ ಗೆರೆ ಕಪ್ಪಾದಾಗ ಏರಿಕೆ ಮುಗಿಯಿತೆಂದು ಅರ್ಥ. ಬಿಳಿಯ ಶಿಖರದ ತುದಿ ಮುಟ್ಟಿದ ಗೆರೆಯನ್ನು ಓದಿ, ಡಬ್ಬಿಯ ಮೇಲಿನ ಕೋಷ್ಟಕದಿಂದ ಪಿಪಿಎಂಗೆ ಬದಲಿಸಬೇಕು. ಕೋಷ್ಟಕ ತಯಾರಿಕೆಯ ತಂಡದಿಂದ ತಂಡಕ್ಕೆ ಬೇರೆ, ಆದ್ದರಿಂದ ಹಳೆಯ ಡಬ್ಬಿಯ ಕೋಷ್ಟಕವನ್ನು ಹೊಸ ಪಟ್ಟಿಗೆ ಬಳಸಬಾರದು. ಗೆರೆಗಳ ನಡುವಿನ ಅಂತರಕ್ಕೂ ಪಿಪಿಎಂಗೂ ನೇರ ಅನುಪಾತವಿಲ್ಲ. ಉಪ್ಪು ಹೆಚ್ಚಾದಂತೆ ಒಂದೊಂದು ಗೆರೆಯೂ ಹೆಚ್ಚು ಪಿಪಿಎಂ ಹೊರುತ್ತದೆ, ಓದುವ ತಪ್ಪೂ ಅಷ್ಟೇ ಹಿಗ್ಗುತ್ತದೆ. ತೇವ ತಗಲಿದ ಪಟ್ಟಿ ನಿರುಪಯೋಗಿ.

ವಿದ್ಯುದ್ವಾಹಕತಾ ಮಾಪಕ

ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಉಪ್ಪುಮಾಪಕಗಳು, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ಮಾಪಕಗಳು ಎಲ್ಲವೂ ಮೂಲತಃ ವಾಹಕತಾ ಮಾಪಕಗಳೇ. ಎರಡು ಅಥವಾ ನಾಲ್ಕು ವಿದ್ಯುದಗ್ರಗಳ ನಡುವೆ ಪರ್ಯಾಯ ವಿದ್ಯುತ್ ಹರಿಸಿ, ಸೆಂಟಿಮೀಟರಿಗೆ ಇಷ್ಟು ಮಿಲಿಸೀಮನ್ಸ್ ಎಂದು ಅಳೆದು, ಆ ಸಂಖ್ಯೆಯನ್ನು ಒಂದು ಪರಿವರ್ತನಾಂಕದಿಂದ ಪಿಪಿಎಂಗೆ ತಿರುಗಿಸಿ ಪರದೆಗೆ ಕಳಿಸುತ್ತವೆ. ಅಳತೆ ಎಷ್ಟೇ ಚೆನ್ನಾಗಿದ್ದರೂ ಈ ಪರಿವರ್ತನಾಂಕ ಕೊಳದ ನೀರಿಗೆ ಹೊಂದದಿದ್ದರೆ ಉತ್ತರ ತಪ್ಪು.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ 3,000 ಪಿಪಿಎಂ ಶುದ್ಧ ಉಪ್ಪಿನ ದ್ರಾವಣದ ವಾಹಕತೆ ಸುಮಾರು 5.7 ಮಿಲಿಸೀಮನ್ಸ್, ಅಂದರೆ 5,700 ಮೈಕ್ರೊಸೀಮನ್ಸ್. 0.5ರಿಂದ ಗುಣಿಸುವ ಮಾಪಕ ಇದಕ್ಕೆ 2,850 ಎನ್ನುತ್ತದೆ. ಕುಡಿಯುವ ನೀರಿಗೆಂದು ಮಾಡಿದ, 0.7ರಿಂದ ಗುಣಿಸುವ ಟಿಡಿಎಸ್ ಮಾಪಕ ಅದೇ ನೀರಿಗೆ 3,990 ಎನ್ನುತ್ತದೆ. ಇಲ್ಲಿಗೆ ನಿಜವಾದ ಅಂಕ 0.53ರ ಹತ್ತಿರ. ಮನೆಯ ಶುದ್ಧೀಕರಣ ಯಂತ್ರದ ಜೊತೆ ಬರುವ ಟಿಡಿಎಸ್ ಮಾಪಕವನ್ನು ಕೊಳಕ್ಕೆ ಅದ್ದಿ ಉಪ್ಪು ಹೆಚ್ಚಾಗಿದೆ ಎಂದು ತೀರ್ಮಾನಿಸುವುದರಲ್ಲಿರುವ ದೋಷ ಇದು.

ಉಷ್ಣತೆಯ ಪ್ರಭಾವವೂ ದೊಡ್ಡದು. ಪ್ರತಿ ಡಿಗ್ರಿಗೆ ವಾಹಕತೆ ಶೇ. 2ರಷ್ಟು ಬದಲಾಗುತ್ತದೆ. ಉಷ್ಣತಾ ಪರಿಹಾರವಿಲ್ಲದ ಮಾಪಕ 15 ಡಿಗ್ರಿ ನೀರಿನಲ್ಲಿ 3,000 ಪಿಪಿಎಂ ಅನ್ನು 2,400 ಎಂದು ತೋರಿಸುತ್ತದೆ. ಪರಿಹಾರವಿರುವ ಮಾಪಕಕ್ಕೂ ತನ್ನ ಸಂವೇದಕ ನೀರಿನ ಉಷ್ಣತೆಗೆ ಬರಲು ಸಮಯ ಬೇಕು; ಬಿಸಿಲಲ್ಲಿದ್ದ ಮಾಪಕವನ್ನು ಅದ್ದಿ ಕೂಡಲೇ ಓದಬಾರದು. ವಿದ್ಯುದಗ್ರದ ಮೇಲೆ ಅಂಟಿದ ಗಾಳಿಗುಳ್ಳೆ, ಎಣ್ಣೆ, ಸುಣ್ಣದ ಪೊರೆ ಉತ್ತರವನ್ನು ತಗ್ಗಿಸುತ್ತವೆ.

ಅಂಶಾಂಕನ, ಅಂದರೆ ಗೊತ್ತಿರುವ ದ್ರಾವಣಕ್ಕೆ ಮಾಪಕವನ್ನು ಸರಿಹೊಂದಿಸುವುದು, ಇಲ್ಲಿ ಬಿಡಲಾಗದ ಕೆಲಸ. ಮಾರುಕಟ್ಟೆಯಲ್ಲಿ ಸಿಗುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಗಳು 25 ಡಿಗ್ರಿಯಲ್ಲಿ 1.413 ಮತ್ತು 12.88 ಮಿಲಿಸೀಮನ್ಸ್ ಬೆಲೆಯವು. ಕೊಳದ ಬೆಲೆ ಇವೆರಡರ ನಡುವೆ ಬೀಳುತ್ತದೆ. ಮಾಪಕ ಅವಕಾಶ ಕೊಟ್ಟರೆ ಎರಡರಲ್ಲೂ ಹೊಂದಿಸುವುದು ಲೇಸು. ಇದಕ್ಕಿಂತ ಸರಳವಾದ ತಪಾಸಣೆ ಎಂದರೆ ಅಯೋಡಿನ್ ಸೇರದ ಶುದ್ಧ ಉಪ್ಪನ್ನು ಒಣಗಿಸಿ 3.0 ಗ್ರಾಂ ತೂಗಿ, ಭಟ್ಟಿನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡುವುದು. ಈ ದ್ರಾವಣ 3,000 ಪಿಪಿಎಂ. ಮಾಪಕವನ್ನೂ ಹನಿಯ ಕಿಟ್ಟನ್ನೂ ಪಟ್ಟಿಯನ್ನೂ ಇದರಲ್ಲೇ ಪರೀಕ್ಷಿಸಬಹುದು. ಮೂರೂ ಒಂದೇ ನೀರಿಗೆ ಉತ್ತರಿಸುವುದರಿಂದ ಯಾವುದು ಎಷ್ಟು ತಪ್ಪುತ್ತದೆಂದು ಗೊತ್ತಾಗುತ್ತದೆ.

ಕ್ಲೋರಿನೇಟರಿನ ಒಳಗಣ ಮಾಪನ

ಯಂತ್ರದ ಪರದೆಯ ಮೇಲೆ ಮೂಡುವ ಉಪ್ಪಿನ ಸಂಖ್ಯೆ ಬಹುತೇಕ ಮಾದರಿಗಳಲ್ಲಿ ಪ್ರತ್ಯೇಕ ಅಳತೆಯಲ್ಲ. ಕ್ಲೋರೀನ್ ಉತ್ಪಾದಿಸುವ ಫಲಕಗಳ ನಡುವೆ ಹರಿಯುವ ವಿದ್ಯುತ್ ಪ್ರವಾಹ, ಅದಕ್ಕೆ ಕೊಟ್ಟ ವೋಲ್ಟೇಜ್, ನೀರಿನ ಉಷ್ಣತೆ ಈ ಮೂರರಿಂದ ಯಂತ್ರ ಉಪ್ಪನ್ನು ಊಹಿಸುತ್ತದೆ. ಹೊಸ ಫಲಕ, ಬೆಚ್ಚಗಿನ ನೀರು, ಸರಿಯಾದ ಹರಿವು ಇದ್ದಾಗ ಊಹೆ ಚೆನ್ನಾಗಿಯೇ ಇರುತ್ತದೆ. ಫಲಕದ ಮೇಲೆ ಸುಣ್ಣ ಕಟ್ಟಿದರೆ, ಲೇಪನ ಸವೆದರೆ, ತಂತಿಯ ಜೋಡಣೆ ತುಕ್ಕು ಹಿಡಿದರೆ, ಉಷ್ಣತಾ ಸಂವೇದಕ ಕೆಟ್ಟರೆ ಪ್ರವಾಹ ತಗ್ಗುತ್ತದೆ ಅಥವಾ ಲೆಕ್ಕ ತಪ್ಪುತ್ತದೆ. ಯಂತ್ರಕ್ಕೆ ಇವೆಲ್ಲ ಉಪ್ಪಿನ ಕೊರತೆಯಂತೆಯೇ ಕಾಣುತ್ತವೆ.

ಕೊಳದ ಉಪ್ಪಿನ ವಿಷಯದಲ್ಲಿ ನಡೆಯುವ ಅತಿ ದುಬಾರಿ ತಪ್ಪು ಹುಟ್ಟುವುದು ಇಲ್ಲೇ. ಆಯುಸ್ಸು ಮುಗಿಯುತ್ತಿರುವ ಕೋಶ ‘ಉಪ್ಪು ಕಡಿಮೆ’ ಎಂದು ಎಚ್ಚರಿಸುತ್ತದೆ, ಮೂಟೆ ಸುರಿಯುತ್ತಾರೆ. ಸಂಖ್ಯೆ ಕೊಂಚ ಏರಿ ಮತ್ತೆ ಇಳಿಯುತ್ತದೆ, ಮತ್ತೊಂದು ಮೂಟೆ ಸುರಿಯುತ್ತಾರೆ. ಕೊನೆಗೆ ಹೊಸ ಕೋಶ ಕೂರಿಸಿದಾಗ ಅದು ಉಪ್ಪು ಮಿತಿ ಮೀರಿದೆಯೆಂದು ನಿಂತುಬಿಡುತ್ತದೆ. ಸುರಿದ ಉಪ್ಪನ್ನು ತೆಗೆಯಲು ನೀರನ್ನು ಚೆಲ್ಲುವುದರ ಹೊರತು ಸುಲಭ ದಾರಿಯಿಲ್ಲ. ಯಂತ್ರ ಕಡಿಮೆ ಎಂದಾಗ ಮೊದಲು ಹನಿಯ ಪರೀಕ್ಷೆ, ಆಮೇಲೆ ಫಲಕದ ತಪಾಸಣೆ, ಅದಾದ ನಂತರವೇ ಉಪ್ಪು ಎಂಬ ಅನುಕ್ರಮ ಇದಕ್ಕೇ ಬಂದದ್ದು.

ತಣ್ಣೀರಿನಲ್ಲಿಯೂ ಇದೇ ಗೊಂದಲ. 15 ಡಿಗ್ರಿಗಿಂತ ಕೆಳಗೆ ಹಲವು ಯಂತ್ರಗಳು ಉತ್ಪಾದನೆಯನ್ನು ತಗ್ಗಿಸುತ್ತವೆ ಅಥವಾ ನಿಲ್ಲಿಸುತ್ತವೆ, ಆಗ ತೋರುವ ಉಪ್ಪಿನ ಬೆಲೆಯನ್ನು ಗಣನೆಗೆ ತೆಗೆದುಕೊಳ್ಳಬಾರದು. ಫಲಕಗಳ ಮೇಲಿನ ಸುಣ್ಣ ಉದುರಲೆಂದು ಯಂತ್ರಗಳು ಆಗಾಗ ಧ್ರುವಗಳನ್ನು ಅದಲುಬದಲು ಮಾಡುತ್ತವೆ. ಎರಡು ದಿಕ್ಕಿನಲ್ಲಿ ತೋರುವ ಉಪ್ಪಿನ ಬೆಲೆಗಳು ಬಹಳ ಬೇರೆಯಾಗಿದ್ದರೆ ಒಂದು ಬದಿಯ ಲೇಪನ ಸವೆದಿದೆ ಎಂದು ಶಂಕಿಸಬಹುದು. ಉಪ್ಪಳೆಯುವ ಪರದೆ ಹೀಗೆ ಕೋಶದ ಆರೋಗ್ಯವನ್ನು ಹೇಳುವ ಪರದೆಯೂ ಆಗುತ್ತದೆ.

ಕೊಳಕ್ಕೆ ಒಗ್ಗದ ವಿಧಾನಗಳು

ಅಕ್ವೇರಿಯಂನಲ್ಲಿ ಬಳಸುವ ದ್ರವಮಾಪಕ ನೀರಿನ ಸಾಂದ್ರತೆಯನ್ನು ನೋಡುತ್ತದೆ. ಲೀಟರಿಗೆ 1 ಗ್ರಾಂ ಉಪ್ಪು ಸೇರಿದರೆ ಸಾಂದ್ರತೆ ಹೆಚ್ಚುವುದು 0.0007ರಷ್ಟು. ನೀರು 25ರಿಂದ 30 ಡಿಗ್ರಿಗೆ ಕಾದರೆ ಸಾಂದ್ರತೆ ಇಳಿಯುವುದು 0.0014ರಷ್ಟು. ಐದು ಡಿಗ್ರಿ ಬಿಸಿಲು 2,000 ಪಿಪಿಎಂ ಉಪ್ಪನ್ನು ಮರೆಮಾಡುತ್ತದೆ. ವಕ್ರೀಭವನ ಮಾಪಕದ ಗೆರೆಗಳು ಸಾಮಾನ್ಯವಾಗಿ ಸಾವಿರಕ್ಕೆ ಒಂದು ಭಾಗದಂತೆ, ಅಂದರೆ 1,000 ಪಿಪಿಎಂಗೆ ಒಂದರಂತೆ ಇರುತ್ತವೆ. ಸಮುದ್ರದ ನೀರಿಗೆ ಇವು ಸಾಕು, ಕೊಳಕ್ಕೆ ಸಾಲವು. ಪ್ರಯೋಗಾಲಯದ ಕ್ಲೋರೈಡ್ ವಿದ್ಯುದಗ್ರ, ಕ್ಲೋರೈಡ್ ಹತ್ತು ಪಟ್ಟಾದಾಗ 25 ಡಿಗ್ರಿಯಲ್ಲಿ 59 ಮಿಲಿವೋಲ್ಟ್ ಬದಲಾಗುವ ಉಪಕರಣ, ನಿಖರವೇ ಆದರೂ ಪ್ರತಿ ಬಾರಿಯ ಅಂಶಾಂಕನ ಬೇಡುವುದರಿಂದ ದಂಡೆಯ ಬಳಕೆಗೆ ಬಂದಿಲ್ಲ.

ಮಾದರಿ ಸಂಗ್ರಹ

ಉಪ್ಪು ಸುರಿದ ಮೇಲೆ ಪಂಪನ್ನು ಓಡಿಸುತ್ತ ಸುಮಾರು 24 ಗಂಟೆ ಕಾಯಬೇಕು. ಕರಗುತ್ತಿರುವ ಉಪ್ಪುನೀರು ಭಾರವಾದ್ದರಿಂದ ಆಳದ ತುದಿಯಲ್ಲಿ ಪದರವಾಗಿ ನಿಲ್ಲುತ್ತದೆ, ಮೇಲಿನ ನೀರು ಕಡಿಮೆ ತೋರಿಸುತ್ತದೆ. ಮಾದರಿಯನ್ನು ಮೊಳದಾಳದಿಂದ, ಅಂದರೆ ಸುಮಾರು 45 ಸೆಂಟಿಮೀಟರ್ ಕೆಳಗಿನಿಂದ, ನೀರು ಮರಳಿ ಬರುವ ಬಾಯಿಗೆ ದೂರದಲ್ಲಿ ತೆಗೆಯಬೇಕು. ಮಳೆ ಬಂದ ತಕ್ಷಣ ಮೇಲ್ಪದರದ ನೀರು ಸಿಹಿಯಾಗಿರುತ್ತದೆ. ಶೀಸೆಯನ್ನು ಅದೇ ಕೊಳದ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬಬೇಕು. ಬೆವರಿದ ಬೆರಳು ಕೊಳವೆಯ ಬಾಯಿ ಮುಚ್ಚಿದರೆ 10 ಮಿಲಿಲೀಟರಿನ ಪುಟ್ಟ ಮಾದರಿಗೆ ಉಪ್ಪು ಸೇರುತ್ತದೆ.

ಅಳತೆಗಳ ನಡುವಣ ವ್ಯತ್ಯಾಸ

ಕೊಳದ ನೀರಿನಲ್ಲಿ ಉಪ್ಪಿನ ಜೊತೆ ಕ್ಯಾಲ್ಸಿಯಂ, ಬೈಕಾರ್ಬನೇಟ್, ಸಲ್ಫೇಟ್, ಬಿಸಿಲಿನಿಂದ ಕ್ಲೋರೀನನ್ನು ಕಾಯಲು ಹಾಕುವ ಸಯನ್ಯೂರಿಕ್ ಆಮ್ಲದ ಅಯಾನುಗಳೂ ಇರುತ್ತವೆ. ಇವೆಲ್ಲ ವಿದ್ಯುತ್ ಸಾಗಿಸುತ್ತವೆ, ಆದ್ದರಿಂದ ಸರಿಯಾಗಿ ಹೊಂದಿಸಿದ ವಾಹಕತಾ ಮಾಪಕ ಗಡಸುನೀರಿನ ಕೊಳದಲ್ಲಿ ಹನಿ ಪರೀಕ್ಷೆಗಿಂತ ಹೆಚ್ಚು ತೋರಿಸುವುದು ಸಹಜ. ಅನುಮಾಪನಕ್ಕೂ ತನ್ನದೇ ಕುರುಡುತನವಿದೆ: ಕ್ಲೋರೈಡ್ ಎಲ್ಲಿಂದ ಬಂದಿದ್ದರೂ ಅದು ಸೋಡಿಯಂ ಜೊತೆಗೇ ಬಂದಿತೆಂದು ಲೆಕ್ಕ ಹಿಡಿಯುತ್ತದೆ. ಪಿಎಚ್ ಇಳಿಸಲು ಹಾಕಿದ ಹೈಡ್ರೊಕ್ಲೋರಿಕ್ ಆಮ್ಲ, ಗಡಸುತನಕ್ಕೆ ಹಾಕಿದ ಕ್ಯಾಲ್ಸಿಯಂ ಕ್ಲೋರೈಡ್, ಹೊರಗಿನಿಂದ ಸುರಿದ ದ್ರವ ಕ್ಲೋರೀನ್ ಎಲ್ಲವೂ ಕ್ಲೋರೈಡನ್ನು ಬಿಟ್ಟುಹೋಗುತ್ತವೆ. ದ್ರವ ಕ್ಲೋರೀನಿನಿಂದ 10 ಪಿಪಿಎಂ ಮುಕ್ತ ಕ್ಲೋರೀನ್ ಕೊಟ್ಟರೆ ಕೊನೆಗೆ ಸುಮಾರು 16 ಪಿಪಿಎಂ ಉಪ್ಪು ಉಳಿಯುತ್ತದೆ. ಉಪ್ಪನ್ನೇ ಹಾಕದ ಹಳೆಯ ಕೊಳಗಳಲ್ಲಿ ಸಾವಿರಕ್ಕೂ ಮಿಕ್ಕಿ ಉಪ್ಪು ಕಾಣುವುದು ಹೀಗೆ.

ಕೋಶ ಕೆಲಸ ಮಾಡಲು ಕ್ಲೋರೈಡೂ ಬೇಕು, ವಾಹಕತೆಯೂ ಬೇಕು. ಉಪ್ಪು ಸೇರಿಸಬೇಕೆ ಎಂಬ ಪ್ರಶ್ನೆಗೆ ಅನುಮಾಪನದ ಉತ್ತರವನ್ನೂ, ಯಂತ್ರ ಏಕೆ ಹೀಗೆ ವರ್ತಿಸುತ್ತಿದೆ ಎಂಬುದಕ್ಕೆ ವಾಹಕತೆಯನ್ನೂ ಆಧರಿಸುವುದು ಸರಿಯಾದ ಕ್ರಮ. ಒಂದೇ ವಿಧಾನವನ್ನು ದಿನಾಂಕದೊಡನೆ ಬರೆದಿಟ್ಟು ಹೋಲಿಸಿದರೆ, ಆ ವಿಧಾನದ ಸ್ಥಿರ ದೋಷ ಅಷ್ಟಾಗಿ ಬಾಧಿಸುವುದಿಲ್ಲ.

ಲೆಕ್ಕಾಚಾರ

ಬೇಕಾದ ಉಪ್ಪು ಎಂದರೆ ಕೊರತೆಯ ಪಿಪಿಎಂ ಅನ್ನು ಕೊಳದ ಲೀಟರುಗಳಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದಷ್ಟು ಕಿಲೋಗ್ರಾಂ. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ 70,000 ಲೀಟರ್ ನೀರಿರುತ್ತದೆ. 2,400ರಿಂದ 3,200ಕ್ಕೆ ಏರಿಸಲು 56 ಕಿಲೋಗ್ರಾಂ ಬೇಕು. ಮಾಪನದಲ್ಲಿ 320 ಪಿಪಿಎಂ ತಪ್ಪಿದರೆ ಉಪ್ಪಿನಲ್ಲಿ 22 ಕಿಲೋಗ್ರಾಂ ತಪ್ಪುತ್ತದೆ. ಸಂದೇಹವಿದ್ದಾಗ ಲೆಕ್ಕದ ಮುಕ್ಕಾಲು ಭಾಗ ಹಾಕಿ, ಮರುದಿನ ಅಳೆದು ಉಳಿದದ್ದನ್ನು ಸೇರಿಸುವುದು ವಾಡಿಕೆ. ಉಪ್ಪು ಹೆಚ್ಚಿದ್ದರೆ ನೀರನ್ನು ಬದಲಿಸಬೇಕು: 4,500ರಿಂದ 3,200ಕ್ಕೆ ಇಳಿಸಲು ಶೇ. 29ರಷ್ಟು ನೀರನ್ನು ಹೊರಬಿಟ್ಟು ಸಿಹಿನೀರು ತುಂಬಬೇಕು.

ಇದೇ ಸೂತ್ರವನ್ನು ತಿರುಗಿಸಿ ಕೊಳದ ಗಾತ್ರವನ್ನೂ ತಿಳಿಯಬಹುದು. 50 ಕಿಲೋಗ್ರಾಂ ಉಪ್ಪು ಹಾಕಿದಾಗ ಬೆಲೆ 700 ಪಿಪಿಎಂ ಏರಿದರೆ ಕೊಳದಲ್ಲಿರುವುದು ಸುಮಾರು 71,400 ಲೀಟರ್. ವಕ್ರವಾದ ಆಕಾರದ ಕೊಳಗಳಿಗೆ ಈ ಉಪಾಯ ಟೇಪಿನ ಅಳತೆಗಿಂತ ಉತ್ತಮ, ಆದರೆ ಅನುಮಾಪನವನ್ನು ದೊಡ್ಡ ಮಾದರಿಯಲ್ಲಿ ಮಾಡಿರಬೇಕು.

ಸೇರಿಸುವ ಉಪ್ಪು ಅಯೋಡಿನ್ ಇಲ್ಲದ, ಗಂಟುಕಟ್ಟದಂತೆ ಬೆರೆಸುವ ರಾಸಾಯನಿಕಗಳಿಲ್ಲದ ಶುದ್ಧ ಸೋಡಿಯಂ ಕ್ಲೋರೈಡ್ ಆಗಿರಬೇಕು. ಉಪ್ಪಿನ ಗದ್ದೆಯ ಒರಟು ಸಮುದ್ರದುಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ತೇವ ಇರುವುದರಿಂದ ತೂಕದ ಲೆಕ್ಕವೂ ತಪ್ಪುತ್ತದೆ, ಫಲಕದ ಮೇಲೆ ಸುಣ್ಣವೂ ಕಟ್ಟುತ್ತದೆ.

ಮೂಲ ನೀರು ಮತ್ತು ಮಳೆ

ಕೊಳವೆಬಾವಿಯ ನೀರನ್ನು ತುಂಬುವ ಕಡೆ ಮಾಪನ ಕೊಳಕ್ಕಿಂತ ಮೊದಲೇ, ತುಂಬುವ ನೀರಿನಿಂದ ಆರಂಭವಾಗಬೇಕು. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500 (2012) ಕ್ಲೋರೈಡಿಗೆ ಲೀಟರಿಗೆ 250 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿಯನ್ನೂ, ಬೇರೆ ನೀರಿಲ್ಲದಾಗ 1,000 ಮಿಲಿಗ್ರಾಂ ಮಿತಿಯನ್ನೂ ಹೇಳುತ್ತದೆ. ಉಪ್ಪಿಗೆ ಬದಲಿಸಿದರೆ ಇವು ಸುಮಾರು 410 ಮತ್ತು 1,650 ಪಿಪಿಎಂ. ಎರಡನೆಯ ಮಿತಿಯ ನೀರು ತುಂಬಿದ ಕೊಳದಲ್ಲಿ ಒಂದು ಹಿಡಿ ಉಪ್ಪು ಹಾಕುವ ಮೊದಲೇ ಬೇಕಾದುದರ ಅರ್ಧದಷ್ಟು ಇರುತ್ತದೆ. ತುಂಬುವ ನೀರಿನ ವಾಹಕತೆ 1.5 ಮಿಲಿಸೀಮನ್ಸ್ ಇದ್ದರೆ, ಉಪ್ಪುಮಾಪಕ ಅದನ್ನೇ ಸುಮಾರು 800 ಪಿಪಿಎಂ ಉಪ್ಪೆಂದು ಓದುತ್ತದೆ. ಬೆಂಗಳೂರಿನಂತಹ ಊರುಗಳಲ್ಲಿ ಬೇಸಿಗೆಯ ಟ್ಯಾಂಕರ್ ನೀರು ಲೋಡಿನಿಂದ ಲೋಡಿಗೆ ಬೇರೆಯಾಗಬಲ್ಲದು, ಆದ್ದರಿಂದ ಕೊಳ ತುಂಬಿಸುವಾಗಲೆಲ್ಲ ಅಳೆಯುವುದು ಅಗತ್ಯ.

ಆವಿಯಾಗುವಿಕೆ ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಡುತ್ತದೆ. ಮೇಲಿನ ಉದಾಹರಣೆಯ ಕೊಳದಿಂದ ದಿನಕ್ಕೆ 5 ಮಿಲಿಮೀಟರಿನಂತೆ 20 ದಿನ ಆವಿಯಾದರೆ 5,000 ಲೀಟರ್ ಹೋಗಿ, 3,200 ಇದ್ದದ್ದು ಸುಮಾರು 3,450 ಆಗುತ್ತದೆ. ಮಳೆಯ ಲೆಕ್ಕ ಇದಕ್ಕೆ ಎದುರು. ತುಂಬಿದ ಕೊಳಕ್ಕೆ 100 ಮಿಲಿಮೀಟರ್ ಮಳೆ ಬಿದ್ದು ಉಕ್ಕಿದರೆ 3,200 ಸುಮಾರು 2,980ಕ್ಕೆ ಇಳಿಯುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಮುಂಗಾರಿನ ನಾಲ್ಕು ತಿಂಗಳಲ್ಲಿ 3,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಇದು 1.4 ಮೀಟರ್ ಆಳದ ಕೊಳವನ್ನು ಎರಡು ಬಾರಿ ತುಂಬಿಸುವಷ್ಟು. ಹೊದಿಕೆಯಿಲ್ಲದ ಕೊಳ ಉಕ್ಕುತ್ತಲೇ ಇದ್ದರೆ ಜೂನ್ ಆರಂಭದ 3,200 ಪಿಪಿಎಂ ಮಳೆಗಾಲ ಮುಗಿಯುವಾಗ 400ಕ್ಕೂ ಕೆಳಗೆ ಹೋಗಿರುತ್ತದೆ. ಅಲ್ಲಿ ವಾರಕ್ಕೊಮ್ಮೆ ಅಳೆಯುವುದು ಹೆಚ್ಚಾಗದು. ಒಣ ಹವೆಯ ಊರುಗಳಲ್ಲಿ ತಿಂಗಳಿಗೊಮ್ಮೆ ಸಾಕು.

ಇಂದಿನ ಸ್ಥಿತಿ

ಮನೆಬಳಕೆಯಲ್ಲಿ ಹನಿ ಕಿಟ್ಟು, ಪಟ್ಟಿ, ಡಿಜಿಟಲ್ ಮಾಪಕ ಮೂರೂ ಒಟ್ಟಿಗೆ ಚಲಾವಣೆಯಲ್ಲಿವೆ. ಒಂದು ಇನ್ನೊಂದನ್ನು ಹೊರದೂಡಿಲ್ಲ. ದೊಡ್ಡ ಕೊಳಗಳಲ್ಲಿ ಪ್ರತ್ಯೇಕ ವಾಹಕತಾ ಸಂವೇದಕಗಳು ನಿರಂತರವಾಗಿ ಅಳೆದು ನಿಯಂತ್ರಕಕ್ಕೆ ಒಪ್ಪಿಸುತ್ತವೆ. ಲೋಹ ನೀರಿಗೆ ತಗಲದಂತೆ ಸುರುಳಿಗಳ ಮೂಲಕ ವಾಹಕತೆ ಅರಿಯುವ ಪ್ರೇರಣ ಸಂವೇದಕಗಳು ಪೊರೆ ಕಟ್ಟುವ ತೊಂದರೆಯನ್ನು ಬಹಳಷ್ಟು ತಪ್ಪಿಸಿವೆ. ಕಡಿಮೆ ಉಪ್ಪಿನ ಯಂತ್ರಗಳು ಹೆಚ್ಚಿದಂತೆ 200 ಪಿಪಿಎಂ ಹೆಜ್ಜೆಯ ಕಿಟ್ಟು ಒರಟೆನಿಸುತ್ತದೆ: 1,200 ಬೇಕಾದ ಕೊಳದಲ್ಲಿ ಒಂದು ಹನಿ ಎಂದರೆ ಆರನೆಯ ಒಂದು ಭಾಗ. ಆಸ್ಟ್ರೇಲಿಯದಲ್ಲಿ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ‘ಖನಿಜ’ ಕೊಳಗಳೂ ಇವೆ. ಅಲ್ಲಿ ಅನುಮಾಪನ ಕೊಡುವ ಸಂಖ್ಯೆ ಸೋಡಿಯಂ ಕ್ಲೋರೈಡಿನ ಸಮಾನ ಬೆಲೆಯೇ ಹೊರತು ಹಾಕಿದ ಖನಿಜದ ತೂಕವಲ್ಲ, ವಾಹಕತೆಯ ಪರಿವರ್ತನಾಂಕವೂ ಬೇರೆಯಾಗುತ್ತದೆ. ಅಂಥ ಕೊಳಗಳಿಗೆ ತಯಾರಕರು ತಮ್ಮ ಮಿಶ್ರಣಕ್ಕೆಂದು ಕೊಟ್ಟ ಕೋಷ್ಟಕವನ್ನೇ ಬಳಸಬೇಕಾಗುತ್ತದೆ.